ಕಡ ತಂದ ಮುಗಿಲು

ಮುಳಗುಂದದ ಎರಿ ಹೊಲದಾಗ ಮುಕ್ಕಾಲಿ ಊರಿ
ಯಂತ್ರದ ಮುಖ ಮುಗಿಲಿಗೆ ಮಾಡೀನಿ.
ದಿನಾ ಹತ್ತೊಂಬತ್ತು ಉಪಗ್ರಹ ಸಿಗತಿದ್ದವು;
ಇವತ್ತು ನಾಕು. ಅವೂ ನಡಗತಾವ.

ಎಲ್ಲೋ ಯುದ್ಧ. ಯಾವುದೋ ದಂಡು
ತನ್ನ ಗಡಿಯಾರಕ್ಕ ಮುಸುಕು ಹಾಕೈತಿ.

ಬದುವಿನ ಈ ಕಡೆ ಫಕ್ಕೀರಪ್ಪ, ಆ ಕಡೆ ತಮ್ಮ.
ನಡುವ ಎರಡು ಮೊಳ ನೆಲ.
"ಮ್ಯಾಲಿನವಾ ಏನಂತಾನ್ರಿ, ಮೇಡಂ?"
ಮ್ಯಾಲೆ ಯಾರದಾರಂತ ಹೇಳಲಿ?
ಬಂದೂಕಿನ ದುರ್ಬೀನದು,
ಇಷ್ಟು ದಿನ ನಮಗೂ ಕಡ ಕೊಟ್ಟಿದ್ದರು.

ದಾವಲಸಾಬ ಮಾತಾಡಲಿಲ್ಲ.
ಜೀಪಿನ ಸೀಟಿನ ಬುಡದಿಂದ
ಅಜ್ಜನ ಕಾಲದ ಸರಪಳಿ ಎಳೆದ;
ಕಡ್ಲಿ ಗಿಡದ ಮ್ಯಾಲೆ ತುಕ್ಕು ಉದುರಿತು.

ಒಂದು ತುದಿ ಫಕ್ಕೀರಪ್ಪ ಹಿಡಿದ.
ಇನ್ನೊಂದಕ್ಕ
ತಮ್ಮ ಇನ್ನೂ ಕೈ ಚಾಚಿಲ್ಲ.