ಇದನ್ನೂ ನೋಡಿ

ಎಕ್ಸ್‌ರೇ ಮೇಜಿನ ಒಂದು ಕಾಲು ಮೋಟು.
ಅದರಡಿ ಕೊಟ್ಟಿದ್ದ ದಪ್ಪ ಪುಸ್ತಕವನ್ನು
ಮರುದೇವಮ್ಮ ಕೆಲಸಕ್ಕೆ ಬಂದ ಮೂರನೇ ದಿನ ಎಳೆದರು.
ಬದಲಿಗೆ ಇಟ್ಟಿಗೆ ತಂದವನು ನಾನು, ಅಟೆಂಡರು.
ಸೆರಗಿನಲ್ಲಿ ಧೂಳೊರೆಸಿದರೆ
ಪ್ಲೇಗಿನ ಲೆಕ್ಕ: ಹಾಸನ ತಾಲ್ಲೂಕು,
ಊರಾಚೆಯ ಶೆಡ್ಡುಗಳು, ಬಿದ್ದ ಇಲಿ, ಬಿದ್ದ ಮಂದಿ,
ಎರಡಕ್ಕೂ ಒಂದೇ ಶಾಯಿ.

ಅವರನ್ನು ನೇಮಿಸಿದ್ದು ಹೊಸ ಜರ್ನಲ್ಲುಗಳಿಗೆ ನಂಬರು ಹಾಕಲು.
ಹಾಕುತ್ತಿದ್ದರು. ಹನ್ನೊಂದಕ್ಕೆ ಮುಗಿಯುತ್ತಿತ್ತು.
ಆಮೇಲೆ ಗೋದಾಮು, ಶವಾಗಾರದ ಹಿಂದಿನ ಕೋಣೆ,
ಕಟ್ಟಿನಕೆರೆ ಮಾರ್ಕೆಟ್ಟಿನ ರದ್ದಿ ಅಂಗಡಿ.
ಕಿಲೋಗೆ ನಲವತ್ತು ಪೈಸೆ, ಸ್ವಂತ ಸಂಬಳದ್ದು.

ಬಸದಿಯ ಮನೆತನ; ಹುಳ ಕೊಲ್ಲುವಂತಿಲ್ಲ.
ಬೆಳ್ಳಿಹುಳವನ್ನು ಪೋಸ್ಟ್‌ಕಾರ್ಡಿನ ಮೇಲೆ ಹತ್ತಿಸಿಕೊಂಡು
ಕಿಟಕಿಯಾಚೆ ಬಿಡುವರು: "ಹೋಗಪ್ಪ, ಬೇರೆ ಇಲಾಖೆಗೆ."
ರಾತ್ರಿ ನಾನು ಡಿಡಿಟಿ ಹೊಡೆದದ್ದು
ಅವರಿಗೆ ಗೊತ್ತಿತ್ತೋ ಏನೋ.
ಹೊತ್ತು ಮುಳುಗುವ ಮುಂಚೆ ಡಬ್ಬಿ ಬಿಚ್ಚಿ ಉಣ್ಣುವರು,
ಒಂದು ಚಪಾತಿ ನನಗೆ.

ಇಂಗ್ಲಿಷಿನ ಪಟ್ಟಿಯಲ್ಲಿ ನಮ್ಮ ಕಾಯಿಲೆಗಳಿಗೆ ಜಾಗವಿರಲಿಲ್ಲ.
ಕಾರ್ಡು ತಾವೇ ಬರೆದರು:
ಚಳಿಜ್ವರ — ನೋಡಿ: ಮಲೇರಿಯ.
ಮಲೇರಿಯ — ಇದನ್ನೂ ನೋಡಿ: ಕ್ವಿನೈನು; ಮಂಜರಾಬಾದು;
ಜ್ವರದ ದಿನ ಹಿಡಿದ ಕೂಲಿ.
ಬಾಣಂತಿ ಸನ್ನಿ — ಇದನ್ನೂ ನೋಡಿ: ಕುಡುಗೋಲು; ಕತ್ತಲೆ ಕೋಣೆ; ಅತ್ತೆ.
ದೊಡ್ಡ ಡಾಕ್ಟರು ನಕ್ಕರು.
ಅತ್ತೆಯ ಕಾರ್ಡು ಈಗಲೂ ಇದೆ.

ಸೂಲಗಿತ್ತಿ ಕೆಂಚವ್ವನಿಗೆ ಅಕ್ಷರ ಬಾರದು.
ತಂದು ಕೊಟ್ಟದ್ದು ಒಂದು ಸೆಣಬಿನ ದಾರ,
ಹೆರಿಗೆಗೊಂದು ಗಂಟು, ಉಳಿಯದ ಕೂಸಿಗೆ ಜೋಡಿಗಂಟು.
ಅದಕ್ಕೂ ನಂಬರು: ಎರಡು ಸಾವಿರದ ಏಳುನೂರ ಹದಿನಾಲ್ಕು.
ಆಡಿಟ್ಟಿನವನು ದಾರ ಎತ್ತಿ ಹಿಡಿದು
"ಇದಕ್ಕೆ ಪುಟ ಎಷ್ಟಮ್ಮ?" ಅಂದ.
"ಎಣಿಸಿ."
ಕೂತು ಎಣಿಸಿದ. ಅರ್ಧ ದಾರಿಗೆ ಕನ್ನಡಕ ತೆಗೆದ.

ಈಗ ಎಲ್ಲೆಲ್ಲಿಂದಲೋ ಬರುತ್ತಾರೆ, ಕ್ಯಾಮೆರಾ ತರುತ್ತಾರೆ.
ಅವರ ದಪ್ಪ ಗ್ರಂಥಗಳ ಕೊನೆಗೆ ಕೃತಜ್ಞತೆ,
ಒಂದರಲ್ಲಂತೂ ಮರುದೇವಯ್ಯ ಎಂದು.
ಪೆನ್ಷನ್ ಮೊಹಲ್ಲಾದ ಬಾಡಿಗೆ ಕೋಣೆಯಲ್ಲಿ ಅವರು ತೀರಿಕೊಂಡಾಗ
ಮಂಚದಡಿ ಸಿಕ್ಕಿದ್ದು ಖಾಲಿ ಕಾರ್ಡುಗಳು, ಎರಡು ಸಾವಿರ,
ಮೂಲೆ ಮಾತ್ರ ಸವೆದವು.

ನಾನು ನಿವೃತ್ತನಾಗುವ ವಾರ ದುದ್ದದ ಕಟ್ಟು ಬಿಚ್ಚಿದೆ.
ನಮ್ಮೂರು. ನಮ್ಮ ತಾತ ಪ್ಲೇಗಿನ ಶೆಡ್ಡಲ್ಲಿ ಸಿಕ್ಕ ಕೂಸಂತೆ,
ಮನೆಯಲ್ಲಿ ಹೇಳುತ್ತಿದ್ದದ್ದು ಅಷ್ಟೇ.
ಶೆಡ್ಡು ನಾಲ್ಕು. ಹೆಂಗಸು, ಇಪ್ಪತ್ತರ ಆಸುಪಾಸು.
ಕೈಕೂಸು ಗಂಡು. ಹೆಸರಿಲ್ಲ.
ಕಾಂಪೌಂಡರನ ಶಾಯಿ ಅಲ್ಲಿಗೆ ನಿಂತಿತ್ತು.
ಕೆಳಗೆ ಪೆನ್ಸಿಲಿನಲ್ಲಿ, ಇರುವೆಸಾಲಿನ ಅಕ್ಷರ:
ಹೆಸರಿತ್ತು. ಕೇಳಿಲ್ಲ.

ಹಳೇ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟರೂ ಬೈದವರು!
ಪುಟ ತಿರುವಿದೆ. ಅಲ್ಲೂ ಇತ್ತು. ಅದರಾಚೆಯೂ.

ಇವಳೇ ಎಂದು ಹೇಳಲಾರೆ.
ಮತ್ತೆ ಕಟ್ಟಿ ಇಟ್ಟೆ, ಸಡಿಲ ಗಂಟು,
ಮುಂದಿನವರ ಕೈಗೆ ಬಿಚ್ಚಲು ಬರುವ ಹಾಗೆ,
ಅವರು ಕಲಿಸಿದ್ದು.