ತಕ್ಕಡಿ ಕೋಣೆ

ಶನಿವಾರದ ತರಬೇತಿ. ರಾಯಚೂರಿನ ಬಿಸಿಲು
ಹತ್ತು ಗಂಟೆಗೇ ಕಿಟಕಿಗೆ ಒರಗಿ ಕೂತಿತ್ತು.
"ನಾಳೆ ನಿಮ್ಮದೇ ಲ್ಯಾಬು, ನಿಮ್ಮ ಕೈಕೆಳಗೆ ಹತ್ತು ಜನ"
ಅಂದರು ಬಂದವರು. ನಾವು ಬೆನ್ನು ನೆಟ್ಟಗೆ ಮಾಡಿಕೊಂಡೆವು.
ಆಮೇಲೆ ಹಾಳೆ ಹಂಚಿ ಒಂದೇ ಕೆಲಸ ಕೊಟ್ಟರು:
ಈಗಿರುವ ಲ್ಯಾಬಿನ ನಕ್ಷೆ ಬರೆಯಿರಿ,
ಯಾರು ಎಲ್ಲಿ ನಿಲ್ಲುತ್ತಾರೆ, ಗುರುತು ಹಾಕಿ.

ಇದೇನು ಮಹಾ ಅಂದುಕೊಂಡೆ.
ನಾಲ್ಕು ವರ್ಷ ಮಣ್ಣು ಜರಡಿ ಹಿಡಿದವಳು,
ಕಣ್ಣು ಮುಚ್ಚಿ ಬರೆದೇನು.

ಕುಲುಮೆಯ ಬಳಿ ಯಂಕೋಬ.
ಎಷ್ಟು ಕಾವಿಗೆ ಅದು ಮುನಿಯುತ್ತದೆಂದು ಅವನೊಬ್ಬನಿಗೇ ಗೊತ್ತು;
ಯಾವ ಪ್ರಬಂಧದ ಕೊನೆಯ ಸಾಲಿನಲ್ಲೂ ಅವನ ಹೆಸರಿಲ್ಲ.
ತೊಟ್ಟಿಯ ಬಳಿ ಹುಲಿಗೆಮ್ಮ, ಮೊದಲ ವರ್ಷ, ಗಾಜು ತೊಳೆಯುತ್ತ.
"ಅವಳ ಕೈಲಿ ಒಡೆಯೋದಿಲ್ಲ" ಅಂದವಳು ನಾನೇ.
ಬಾಗಿಲ ಪಕ್ಕ ದಾಖಲೆ ಪುಸ್ತಕ ಹಿಡಿದು ಶಾಶಾವಲಿ.
ಅವನ ಅಕ್ಷರ ತುಂಬಿದ ಜೋಳದ ತೆನೆ.
ಹೊಗಳಿ ಹೊಗಳಿಯೇ
ಎರಡು ವರ್ಷ ಅವನಿಗೆ ಅಂಕಿ ಬರೆಯುವ ಕೆಲಸ ಕೊಟ್ಟೆವು.

ಪೆನ್ಸಿಲ್ಲು ತಕ್ಕಡಿ ಕೋಣೆಗೆ ಬಂದು ನಿಂತಿತು.
ಒಂದು ಮೆಟ್ಟಿಲು. ಒಳಗೆ ಎದೆಮಟ್ಟದ ಕಲ್ಲಿನ ಕಟ್ಟೆ.
ಅವನದು ಗಾಲಿಕುರ್ಚಿ.

ಅಕ್ಷರದ ಮಾತೇ ಅಲ್ಲ ಅದು.
ಅವನು ಒಂದು ಸಲವೂ ಒಂದು ಗ್ರಾಂ ಮಣ್ಣನ್ನು
ತಾನೇ ತೂಗಿರಲಿಲ್ಲ.

ಹಾಳೆ ಮಡಚಿ ಚೀಲಕ್ಕೆ ಹಾಕಿದೆ. ಊಟ ಸೇರಲಿಲ್ಲ.

ಸೋಮವಾರದ ಸಭೆ, ಎಂದಿನಂತೆ ಇಂಗ್ಲಿಷಿನಲ್ಲಿ.
ಸಿರವಾರದ ಮೂರು ಮಾದರಿ ಲೆಕ್ಕಕ್ಕೆ ಕೂಡುತ್ತಿಲ್ಲ,
ಎರೆಯ ಪಟ್ಟಿಯಲ್ಲಿದ್ದೂ ಎರೆಯಂತೆ ನಡೆಯುತ್ತಿಲ್ಲ.
ಹೊಡೆದುಹಾಕೋಣ ಎಂದಿದ್ದೆ ಹೋದ ತಿಂಗಳೇ.
ಇವತ್ತು ಬಾಯಿ ಮುಚ್ಚಿಕೊಂಡೆ, ಕಷ್ಟವಾಯಿತು.
ಫ್ಯಾನು ತಿರುಗಿತು. ಯಾರೋ ಕೆಮ್ಮಿದರು.
"ಹುಲಿಗೆಮ್ಮ, ನೀ ಹೇಳವ್ವ. ನಿನ್ನ ಮಾತಿನಾಗೇ ಹೇಳು."

ಅವಳು ಒದ್ದೆ ಕೈ ಒರೆಸಿಕೊಂಡಳು.
"ಅಕ್ಕಾರೆ, ಅದು ಎರಿ ಅಲ್ರಿ, ಮಸಾರಿ.
ಮ್ಯಾಲೆ ಕೆರಿ ಮಣ್ಣು ಹೊಡಿಸ್ಯಾರ.
ನಮ್ಮವ್ವ ಅದೇ ಹೊಲದಾಗ ಬುಟ್ಟಿ ಹೊತ್ತಾಳ್ರಿ.
ಚೀಲ ಬಿಚ್ಚಿದ ದಿನಾನ ಬೆರಳಿಗೆ ಗೊತ್ತಾಗಿತ್ತು."

ಮತ್ತೆ ಯಾಕೆ ಹೇಳಲಿಲ್ಲ?

"ಯಾವ ಕಾಲಮಿನಾಗ ಬರೀಬೇಕಂತ ತಿಳೀಲಿಲ್ರಿ."

ಗೌಂಡಿ ಬಂದ. ಮೆಟ್ಟಿಲು ಇಳಿಜಾರಾಯಿತು,
ಕಟ್ಟೆ ಒಂದು ಗೇಣು ತಗ್ಗಿತು.
ಧೂಳಿಗೆ ಮೂರು ದಿನ ಕೆಲಸ ನಿಂತಿತು;
ಗೊಣಗಿದವರಲ್ಲಿ ನಾನೂ ಒಬ್ಬಳು.

ಈಗ ಶಾಶಾವಲಿ ಗಾಜಿನ ಬಾಗಿಲು ಸರಿಸಿ
ಚಮಚದ ತುದಿಯಿಂದ ಮಸಾರಿ ಉದುರಿಸುತ್ತಾನೆ.
ಕೈ ನಡುಗುತ್ತದೆ, ಚೆಲ್ಲುತ್ತಾನೆ, ತನ್ನನ್ನೇ ಬೈದುಕೊಳ್ಳುತ್ತಾನೆ.
ದಾಖಲೆ ಪುಸ್ತಕ ನನ್ನ ತೊಡೆಯ ಮೇಲೆ,
ನನ್ನ ಅಕ್ಷರ ಕೋಳಿ ಕಾಲು.
ಜಾಗ ಬದಲಿಸಿದ ತಕ್ಕಡಿ ಇನ್ನೂ ಸೊನ್ನೆಗೆ ನಿಲ್ಲುತ್ತಿಲ್ಲ,
ಕೊನೆಯ ಅಂಕಿ ಅತ್ತ ಇತ್ತ ಆಡುತ್ತದೆ.
"ಅವಸರ ಬ್ಯಾಡ," ಅನ್ನುತ್ತಾನೆ. "ಫ್ಯಾನ್ ಆರಿಸು."

ಎದ್ದು ಹೋಗಿ ಆರಿಸಿದೆ.