ಒಣ ಇರಬೇಕಾದ ಜಾಗಾ

ರವಿವಾರ ಉದ್ಯಮಬಾಗದಾಗ ಲೇತುಗಳು ಸುಮ್ಮನ ಇರತಾವು.
ಶಟರ್ ಅರ್ಧಾ ಎತ್ತಿ, ಬಿಸಲು ಬರೂವಷ್ಟು ಬಿಟ್ಟು,
ಬೆಂಚಿನ ಮ್ಯಾಲ ಹಳೇ ದೋತ್ರ ಹಾಸೇನಿ.
ಅದರ ಮ್ಯಾಲ ಹಲ್ಲಿನ ಡಾಕ್ಟರ್ ಭರತೇಶ ಉಪಾಧ್ಯೆನ ಜೆಟ್ಟು
ಅಂಗಾತ ಮಲಗೇತಿ, ಮೂರೂ ಕಾಲು ಮ್ಯಾಲ ಮಾಡಿ,
ಅವನ ಕುರ್ಚಿಯಾಗ ಕುಂತ ಹುಡುಗನಂಗ
ಹೊಟ್ಟಿ ಬಿಗಿಹಿಡದು.

"ಎಡಕ್ಕ ಎಳೀತೈತಿ ಸುಗಂಧಾಬಾಯಿ. ಮತ್ತ ಕಿರ್ರ್ ಅಂತೈತಿ.
ಎಣ್ಣಿ ಬಿಟ್ಟೇನಿ. ಜಾಸ್ತಿನ ಬಿಟ್ಟೇನಿ."

ಜಾಸ್ತಿನ!
ನಾ ಏನೂ ಅನ್ನಲಿಲ್ಲ. ಅಂವ ನನ್ನ ದವಡಿಹಲ್ಲು ಕಿತ್ತಾಗ
ನಾನೂ ಏನೂ ಅಂದಿರಲಿಲ್ಲ, ಬಾಯಿ ತಗದು ಕುಂತಿದ್ದೆ.

ಹದಿನೆಂಟು ವರ್ಷ ಜೆಸಿಬಿ ಜಾಕಿಗೆ ಸೀಲ್ ಕೂಡ್ರಿಸಿದ ಕೈ ಇದು.
ಹೆಬ್ಬಟ್ಟಿನಷ್ಟು ದಪ್ಪನ ರಬ್ಬರು, ಬಡದು ಬಡದು ಕೂಡ್ರಸಬೇಕು.
ಇಲ್ಲಿ ರಿಂಗ್ ಅಂದ್ರ ಬಾಣಂತಿ ಕೂಸಿನ ಬಳಿಗಿಂತ ಸಣ್ಣದು.
ಚಕ್ರದ ಹೊಟ್ಟಿಯಾಗ ಅಡಗಿ ಕುಂತಿರತೈತಿ.
ಗಾಳಿ ಬಂದ್ರ ಉಬ್ಬಿ ಒಳಗ್ವಾಡಿಗೆ ಒತ್ತತೈತಿ,
ಗಾಳಿ ಹ್ವಾದ್ರ ಸಣ್ಣಾಗತೈತಿ. ಬ್ರೇಕ್ ಅಂದ್ರ ಇಷ್ಟ.
ಉಸಿರು ಹಿಡಕೊಂಡು ಇನ್ನೊಬ್ಬರನ್ನ ನಿಲ್ಲಸೂದು.

ಕ್ಲಿಪ್ ಎಬ್ಬಿಸಿದೆ. ಬಲಗಾಲಿ ಕೈಯಾಗ ಜಾರಿತು,
ಹೊಲಿಗಿ ಮಷೀನಿನ ಎಣ್ಣಿ, ವಾಸನಿ ಗುರ್ತ ಐತಿ ನನಗ.
ಎಡಗಾಲಿ ಬಿಚ್ಚಿದೆ. ಆಕ್ಸಲ್ ಒಣಾ ಒಣಾ,
ಉಜ್ಜಿ ಉಜ್ಜಿ ಕಬ್ಬಿಣ ಕಂದು ಬಣ್ಣಕ್ಕ ತಿರಗೇತಿ.
ಅಂದ್ರ ಕಿರ್ರ್ ಅಂದದ್ದು ಎಡದ್ದು,
ಎಣ್ಣಿ ಕುಡದದ್ದು ಬಲದ್ದು.
ಚೀರಿದವರ ಬಾಯಿ ಬಿಟ್ಟು ಸುಮ್ಮಿದ್ದವರ ಬಾಯಾಗ ಔಷಧ!
ಬಲದ್ದು ಹಿಡೀಲಾರದ ಜಾರತೈತಿ, ಎಡದ್ದು ಒಂದ ಹಿಡೀತೈತಿ,
ವಿಮಾನ ಎಡಕ್ಕ ಹೊಳ್ಳದ ಎಲ್ಲಿ ಹೋಗಬೇಕು?

ಮಕ್ತುಮಸಾಬ ಕಾಕಾ ಬಸ್ ಡಿಪೋದಾಗ ಲೈನರ್ ಹಚ್ಚತಿದ್ದ.
ರಿಟೈರಾದ ಮ್ಯಾಲ ನಮ್ಮ ಶಾಪಿಗೆ ಬಂದ, ನನಗ ಕೆಲಸಾ ಕಲಿಸಿದ.
"ಎಣ್ಣಿ ಹಾಕಾಕ ಯಾರಿಗೂ ಬರತೈತಿ, ಬೇಟಿ.
ಎಲ್ಲಿ ಹಾಕಬಾರದು ಅನ್ನೂದಕ್ಕ ಪಗಾರ."
ಒಂದು ರಾತ್ರಿ ಅವನ ತೋಳಿನಿಂದ ಹನಿಯೊಂದು
ಲೈನರ್ ಮ್ಯಾಲ ಬಿದ್ದಿತ್ತಂತ, ಅವಗ ಗೊತ್ತಾಗಲಿಲ್ಲ.
ಬಸ್ಸು ಚೋರ್ಲಾ ಘಾಟ್ ಇಳೀತು. ಏನೂ ಆಗಲಿಲ್ಲ.
ಮುಂಜಾನಿ ಡ್ರೈವರ್ ಬಂದ, ಕೀಲಿಕೈ ಬೆಂಚಿನ ಮ್ಯಾಲಿಟ್ಟ,
ಚಾ ಕುಡದ, ಒಂದೂ ಮಾತಾಡದ ಹ್ವಾದ.
ಅವತ್ತಿನಿಂದ ಕಾಕಾ ತೋಳು ಮಡಚದ
ಪಾನಾ ಮುಟ್ಟಲಿಲ್ಲ.

ನಾನೂ ಮಡಚಿದೆ.
ಡಾಕ್ಟರನ ಸ್ಪಿರಿಟ್ಟಿನಾಗ ಅರಿವಿ ಅದ್ದಿ
ಒಳಗ್ವಾಡಿ ಒರಸಿದೆ, ಮೂರು ಸಲ,
ಅರಿವಿ ಬೆಳ್ಳಗ ಹೊರಗ ಬರೂತನಕ.
ಎರಡೂ ಆಕ್ಸಲ್ಲಿಗೆ ಸೂಜಿ ತುದಿಯಿಂದ ಒಂದೊಂದು ಹನಿ.
ರಿಂಗಿನ ಗಾಡಿಗೆ ಸಿಲಿಕಾನು, ಬೆರಳಿಗೆ ಗೊತ್ತಾಗಬೇಕು,
ಕಣ್ಣಿಗೆ ಕಾಣಬಾರದು.
ಸಬಕಾರದ ನೀರಾಗ ನಳಿಗಿ ಮುಳಗಿಸಿ ಪಂಪ್ ಒತ್ತಿದೆ.
ಒಂದೂ ಗುಳ್ಳಿ ಏಳಲಿಲ್ಲ.

ದೇಸೂರಿನ ಆಚೆ ಮಾರಾಟ ಆಗದ ಲೇಔಟು.
ನಂಬರ್ ಬರದ ಕಲ್ಲುಗಳು, ನಡುವ ನೆಟ್ಟಗಿನ ಡಾಂಬರು,
ಕಡೀಕ ಒಂದು ಗಟಾರು.
ಸೀಮಿಎಣ್ಣಿ ವಾಸನಿ ಬಂತು, ಅವ್ವನ ಸ್ಟೋವಿನದು.
ಆಮ್ಯಾಲ ಆ ಸಪ್ಪಳ, ಆಕಾಶನ ಹರದಂಗ.
ಎಲ್ಲಾರೂ ಕತ್ತು ಮ್ಯಾಲ ಮಾಡಿ ನೋಡಿದ್ರು.
ನಾ ರಸ್ತಾನ ನೋಡಕೋತ ನಿಂತೆ.
ಮ್ಯಾಲ ಹಾರೂದು ಡಾಕ್ಟರನ ಕೆಲಸ,
ನಂದು ಸುರು ಆಗೂದು ಅದು ಕೆಳಗ ಬಂದ ಮ್ಯಾಲ.

ಇಳೀತು. ಓಡಿತು. ಹದಿನೇಳನೇ ಪ್ಲಾಟು, ಇಪ್ಪತ್ತೆರಡು,
ಗಟಾರಿಗೆ ಇನ್ನೂ ಮೂವತ್ತು ಹೆಜ್ಜಿ ಇರಕಿಂತ ಮೊದಲ
ಮೂಗು ಬಗ್ಗಿಸಿ ನಿಂತಿತು.
ಕಿರ್ರ್ ಅನ್ನಲಿಲ್ಲ.
ಡಾಕ್ಟರ್ ರಿಮೋಟ್ ಕೊಳ್ಳಾಗ ಜೋತಾಡಿಸಕೋತ ಓಡಿದ,
"ನೆಟ್ಟಗ ಬಂತು, ನೋಡಿದ್ರೇನು!" ಅಂತ ಒದರಿದ.

ಹೋಗಿ ಚಕ್ರ ಮುಟ್ಟಿದೆ. ಬೆಚ್ಚಗ ಇತ್ತು, ಒಣಾ ಇತ್ತು.
ನಾಲಗಿ ತಾನ ಹೋಗಿ ಕಿತ್ತ ಹಲ್ಲಿನ ತೂತು ಮುಟ್ಟಿ ಬಂತು.
ಡಾಂಬರಿನ ಮ್ಯಾಲ ಟಾಯರಿನ ಗೆರಿ
ಒಂದು ಗೇಣು ಬಲಕ್ಕ ಸರದಿತ್ತು.
ಅದನ್ನ ಯಾರೂ ನೋಡಲಿಲ್ಲ.
ನಾ ನೋಡೇನಿ.